ರಾತ್ರಿ ಪಾಳಿಯ ವಾರ ಪಾಠ ನಿಂತರೆ ನಿಲ್ಲಲಿ

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಬೇಕಾದ್ದನ್ನು ನನ್ನ ಕೈ ಹಿಡಿದೆಳೆದು ತೋರಿಸುತ್ತಾನೆ. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಖಾಸಗಿ ಶಾಲೆಯವರು 'ನಮ್ಮ ಕೈಲಿ ಆಗಲ್ಲ, ಬೇರೆ ಕಡೆ ನೋಡ್ಕೊಳ್ಳಿ' ಅಂದುಬಿಟ್ಟರು. ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲೇ ಕಲಿಸುತ್ತಿದ್ದೇನೆ. ಬಾಡಿಗೆ ಮನೆ, ಒಂದು ರೂಮು, ಒಂದು ಅಡುಗೆಮನೆ. ಯಜಮಾನರು ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಲ್ಲಿದ್ದಾರೆ, ವಾರಕ್ಕೊಂದು ಶಿಫ್ಟು. ಎರಡು ವಾರ ಜಾಣನ ಹಾಗೆ ಕೂತು ಬರೆಯುವ ಹುಡುಗ ಇದ್ದಕ್ಕಿದ್ದ ಹಾಗೆ ಪುಸ್ತಕ ಹರಿಯುತ್ತಾನೆ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ, ಕಲಿತದ್ದೆಲ್ಲ ಮರೆತವನಂತೆ ಆಡುತ್ತಾನೆ. ಪಠ್ಯಪುಸ್ತಕ ಓದದವನು ರಸ್ತೆಗೆ ಹೋದರೆ ಬಸ್ಸಿನ ಬೋರ್ಡು ಮಾತ್ರ ಒಂದೂ ಬಿಡದೆ ಓದುತ್ತಾನೆ. ಕಳೆದ ತಿಂಗಳು ಅವರಪ್ಪ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದಾಗ ಕಿರುಚಿದ ಅಂತ ಹೊಡೆದುಬಿಟ್ಟೆ. ಆಮೇಲೆ ನಾನೇ ಅತ್ತುಬಿಟ್ಟೆ. 'ಸ್ಕೂಲಿಗೆ ಕಳಿಸದೆ ಇಟ್ಕೊಂಡ್ರೆ ಕೇಸ್ ಆಗುತ್ತೆ' ಅಂತ ಪಕ್ಕದ ಮನೆಯವರು ಹೆದರಿಸುತ್ತಾರೆ. ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿ, ಊರಲ್ಲಿರುವ ಸೈಟು ಮಾರಿದರೂ ಪರವಾಗಿಲ್ಲ ಅಂತ ನಮ್ಮ ಸಂಬಂಧಿಕರು ಹೇಳುತ್ತಾರೆ. ಮನೆಯಲ್ಲಿಟ್ಟುಕೊಂಡು ನಾನೇ ಇವನ ಬದುಕು ಹಾಳು ಮಾಡುತ್ತಿದ್ದೇನಾ?

– ಹೆಸರು ಬೇಡ, ಬಾಶೆಟ್ಟಿಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಇಲ್ಲಮ್ಮ, ಹಾಳು ಮಾಡುತ್ತಿಲ್ಲ. ನಿಮ್ಮ ಪತ್ರವನ್ನು ಎರಡನೇ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎರಡು ವಾರ ಚೆನ್ನಾಗಿರುತ್ತಾನೆ, ಆಮೇಲೆ ಕೆಡುತ್ತಾನೆ ಎಂದಿದ್ದೀರಿ. ಯಜಮಾನರಿಗೆ ವಾರಕ್ಕೊಂದು ಶಿಫ್ಟು ಎಂದಿದ್ದೀರಿ. ನಿಮ್ಮ ಕಡೆಯ ಫ್ಯಾಕ್ಟರಿಗಳಲ್ಲಿ ಸಾಮಾನ್ಯವಾಗಿ ಮೂರು ಪಾಳಿ. ಅಂದರೆ ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿ ಬರುತ್ತದೆ. ನೀವು ಕೈ ಎತ್ತಿದ್ದೂ ಆ ವಾರದಲ್ಲೇ.

ಆ ವಾರ ನಿಮ್ಮ ಮನೆ ಹೇಗಿರುತ್ತದೆ, ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಯಜಮಾನರು ಬಂದು ಮಲಗುತ್ತಾರೆ. ಕಿಟಕಿಗೆ ಬೆಡ್‌ಶೀಟು ಬೀಳುತ್ತದೆ. ಮಿಕ್ಸಿ ಹಾಕುವ ಹಾಗಿಲ್ಲ, ಕುಕ್ಕರ್ ಕೂಗುವ ಹಾಗಿಲ್ಲ, ಟಿವಿ ಇಲ್ಲ. ಉಳಿದ ದಿನ ಅವನು ಸ್ಲೇಟು ಹಿಡಿದು ಕೂರುವ ಜಾಗದಲ್ಲೇ ಅಪ್ಪನ ಚಾಪೆ. ನೀವು ಮಾತಿನ ಬದಲು ಸನ್ನೆ ಮಾಡುತ್ತೀರಿ, ಮುಖ ಬಿಗಿಯಾಗಿರುತ್ತದೆ, ಅವನು ಒಂದು ಸದ್ದು ಮಾಡಿದರೂ 'ಶ್!' ಎನ್ನುತ್ತೀರಿ. ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ನಿನ್ನೆ ಇದ್ದಂತೆ ಇವತ್ತೂ ಇರಬೇಕು. ಅದೇ ಅವರಿಗೆ ಧೈರ್ಯ. ನಿಮ್ಮ ಹುಡುಗನ ಪಾಲಿಗೆ ಮೂರು ವಾರಕ್ಕೊಮ್ಮೆ ಇಡೀ ಮನೆಯೇ ಬೇರೆಯಾಗುತ್ತದೆ. ಯಾಕೆ ಅಂತ ಅವನಿಗೆ ಹೇಳಿದವರಿಲ್ಲ, ಕೇಳುವುದಕ್ಕೆ ಅವನಿಗೆ ಮಾತಿಲ್ಲ. ಪುಸ್ತಕ ಹರಿದು ಕೇಳುತ್ತಿದ್ದಾನೆ. ಕಲಿತದ್ದು ಮರೆತುಹೋಗಿದೆ ಎಂದು ಗಾಬರಿಯಾಗಬೇಡಿ. ಮನಸ್ಸು ಕದಡಿದಾಗ ಗೊತ್ತಿರುವುದೂ ಕೈಗೆ ಸಿಗುವುದಿಲ್ಲ. ದೊಡ್ಡವರಿಗೂ ಹಾಗೇ.

ಇದು ದೂರದಿಂದ ಕೂತು ಮಾಡಿದ ಊಹೆ. ಸರಿಯೋ ತಪ್ಪೋ ನಿಮ್ಮ ಗೋಡೆಯ ಕ್ಯಾಲೆಂಡರೇ ಹೇಳಲಿ. ಪ್ರತಿ ದಿನದ ಚೌಕದಲ್ಲಿ ಯಜಮಾನರ ಶಿಫ್ಟು ಬರೆಯಿರಿ, ಪಕ್ಕದಲ್ಲಿ ಹುಡುಗನ ದಿನ ಹೇಗಿತ್ತೆಂದು ಒಂದು ಗುರುತು ಹಾಕಿ. ರಾತ್ರಿ ನಿದ್ದೆ ಮಾಡಿದನೇ, ಮಲವಿಸರ್ಜನೆ ಆಯಿತೇ ಎಂಬುದನ್ನೂ ಸೇರಿಸಿ. ಎರಡು ಮೂರು ತಿಂಗಳು ಸಾಕು, ಒಂದು ಚಿತ್ರ ಮೂಡುತ್ತದೆ. ಕೆಟ್ಟ ದಿನಗಳು ಶಿಫ್ಟಿಗೆ ಹೊಂದದಿದ್ದರೆ ದೇಹದ ಕಡೆ ನೋಡಬೇಕು. ಹಲ್ಲುನೋವು, ಕಿವಿನೋವು, ಮಲಬದ್ಧತೆ, ಹೊಟ್ಟೆ ಉರಿ ಇವನ್ನೆಲ್ಲ ಹೇಳಿಕೊಳ್ಳಲಾಗದ ಮಗು ತಲೆ ಚಚ್ಚಿಕೊಂಡು ತೋರಿಸುವುದುಂಟು. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗವೂ ಬೇರೆ ಮಕ್ಕಳಿಗಿಂತ ಹೆಚ್ಚು. ಕರೆದರೂ ಓಗೊಡದೆ ಕೆಲ ಕ್ಷಣ ಎವೆಯಿಕ್ಕದೆ ನೋಡುತ್ತಾ ನಿಂತುಬಿಡುವುದು, ಕೈ ಅದುರುವುದು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡು ವೈದ್ಯರಿಗೆ ತೋರಿಸಿ. ತಲೆ ಚಚ್ಚಿಕೊಳ್ಳುವುದಂತೂ ಹೇಗಿದ್ದರೂ ಒಮ್ಮೆ ವೈದ್ಯರ ಮುಂದೆ ಹೇಳಲೇಬೇಕಾದ ಮಾತು. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ಆ ಕ್ಯಾಲೆಂಡರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬಾಯಲ್ಲಿ ಹೇಳುವ ಅರ್ಧ ಗಂಟೆಯ ಕಥೆಗಿಂತ ವೈದ್ಯರಿಗೆ ಅದು ಹೆಚ್ಚು ಹೇಳುತ್ತದೆ.

ಊಹೆ ನಿಜವಾದರೆ ರಾತ್ರಿ ಪಾಳಿಯ ವಾರಕ್ಕೆ ಬೇರೆಯದೇ ದಿನಚರಿ ಬೇಕು. ಆ ವಾರ ಪುಸ್ತಕದ ಅಕ್ಷರ, ಲೆಕ್ಕ ಯಾವುದೂ ಬೇಡ. ನಿಂತರೆ ನಿಲ್ಲಲಿ, ಏನೂ ಕಳೆದುಹೋಗುವುದಿಲ್ಲ. ಭಾನುವಾರವೇ ಅವನಿಗೆ ಹೇಳಿ, ಮಾತಿನಲ್ಲಲ್ಲ, ಚಿತ್ರದಲ್ಲಿ: ಅಪ್ಪ ಮಲಗಿರುವ ಒಂದು ಫೋಟೊ, ಚಪ್ಪಲಿಯ ಒಂದು ಫೋಟೊ, ಬಸ್ಸಿನ ಒಂದು ಫೋಟೊ, ಊಟದ ತಟ್ಟೆಯದೊಂದು. ಸಾಲಾಗಿ ಗೋಡೆಗೆ ಅಂಟಿಸಿ. ಅಪ್ಪ ಮಲಗುತ್ತಾರೆ, ನಾವು ಹೊರಗೆ ಹೋಗುತ್ತೇವೆ, ಬಸ್ಸು, ಆಮೇಲೆ ಊಟ. ಒಂದೊಂದು ಮುಗಿದಾಗಲೂ ಅವನ ಕೈಯಿಂದಲೇ ಆ ಚಿತ್ರ ಕೀಳಿಸಿ. ಇದಕ್ಕೆ ಯಾವ ಥೆರಪಿ ಸೆಂಟರಿಗೂ ದುಡ್ಡು ಕಟ್ಟಬೇಕಿಲ್ಲ.

ಅವನು ಪಠ್ಯಪುಸ್ತಕ ಓದುವುದಿಲ್ಲ, ಬಸ್ಸಿನ ಬೋರ್ಡು 'ಮಾತ್ರ' ಓದುತ್ತಾನೆ ಎಂದಿದ್ದೀರಿ. ಆ 'ಮಾತ್ರ' ನನಗೆ ಸರಿಬರಲಿಲ್ಲ. ನಿಮ್ಮ ಊರಿನ ರಸ್ತೆಯಲ್ಲಿ ಹೋಗುವ ಬೋರ್ಡುಗಳಲ್ಲಿ ಗೌರಿಬಿದನೂರು, ಹಿಂದೂಪುರ, ರಾಜಾನುಕುಂಟೆ, ಯಲಹಂಕ ಎಂದೆಲ್ಲ ಇರುತ್ತದೆ. ಗೌರಿಬಿದನೂರು ಎಂಬುದನ್ನು ಓಡುವ ಬಸ್ಸಿನ ಮೇಲೆ ಹಿಡಿಯುವ ಹುಡುಗನಿಗೆ ಕಾಗುಣಿತ ಬರುವುದಿಲ್ಲ ಎಂದು ಯಾರು ಹೇಳಿದ್ದು? ಪಾಠ ಅಲ್ಲಿಂದ ಶುರುವಾಗಲಿ. ಬಿಸಿಲೇರುವ ಮೊದಲು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದವರೆಗೆ ಹೋಗಿ ಬನ್ನಿ. ಶಕ್ತಿ ಯೋಜನೆಯಲ್ಲಿ ನಿಮಗೆ ಸೊನ್ನೆ ಟಿಕೆಟ್, ಅವನಿಗೆ ಅರ್ಧ ಟಿಕೆಟ್, ಪಕ್ಕದ ಸೀಟಿನ ಅಣ್ಣನಿಗೆ ಪೂರ್ತಿ ಟಿಕೆಟ್. ಸೊನ್ನೆ, ಅರ್ಧ, ಒಂದು ಎಂಬ ಗಣಿತ ಇಷ್ಟು ಸಲೀಸಾಗಿ ಯಾವ ಪುಸ್ತಕದಲ್ಲೂ ಸಿಗಲಾರದು. ಚಿಲ್ಲರೆ ಅವನ ಕೈಲಿ ಕೊಡಿಸಿ. ಟಿಕೆಟ್ ಮನೆಗೆ ತಂದು ನೋಟುಬುಕ್ಕಿಗೆ ಅಂಟಿಸಿ, ಕೆಳಗೆ ಊರಿನ ಹೆಸರು ಬರೆಸಿ. ಬರೆಯದಿದ್ದರೆ ಅಂಟಿಸುವುದೇ ಆ ದಿನದ ಪಾಠ. ನಿಲ್ದಾಣದ ಗದ್ದಲ ಅವನಿಗೆ ಹಿಂಸೆಯಾದರೆ ಒಂದು ಸ್ಟಾಪಿನಷ್ಟೇ ಹೋಗಿ ಇಳಿದುಬಿಡಿ.

ಅವರೆಕಾಯಿ ಕಾಲ ಬಂದರೆ ನಿಮ್ಮ ಕಡೆ ಇನ್ನೂ ಸುಲಭ. ನೆನೆಸಿದ ಕಾಳನ್ನು ಹಿತುಕುವ ಕೆಲಸ ಕೊಡಿ. ಎರಡು ಬೆರಳಲ್ಲಿ ಹಿಡಿದು ಒತ್ತಬೇಕು, ಹದ ತಪ್ಪಿದರೆ ಬೇಳೆ ಹಾರಿಹೋಗುತ್ತದೆ. ಪೆನ್ಸಿಲ್ ಹಿಡಿಯುವುದಕ್ಕೂ ಬೇಕಾದದ್ದು ಅದೇ ಬೆರಳ ಹಿಡಿತ. ಸದ್ದೂ ಇಲ್ಲ, ಅಡುಗೆಮನೆಯ ಮೂಲೆಯಲ್ಲೇ ಮುಗಿಯುತ್ತದೆ, ಸಂಜೆಗೆ ಸಾರೂ ಆಗುತ್ತದೆ.

ಹೊಡೆದದ್ದರ ಬಗ್ಗೆ. ಅದು ತಪ್ಪೇ, ತಪ್ಪಲ್ಲ ಎಂದು ಸಮಾಧಾನ ಹೇಳಲಾರೆ. ಹೊಡೆತದಿಂದ ಕಿರುಚುವುದು ನಿಲ್ಲುವುದಿಲ್ಲ, ನಿಮ್ಮ ಹತ್ತಿರ ಬರುವುದು ನಿಲ್ಲುತ್ತದೆ. ಆದರೆ ಅವತ್ತು ನೀವು ಎಷ್ಟು ಗಂಟೆ ನಿದ್ದೆ ಮಾಡಿದ್ದಿರಿ? ರಾತ್ರಿ ಪಾಳಿಯ ವಾರದಲ್ಲಿ ರಾತ್ರಿಯೂ ಹುಡುಗನೊಂದಿಗೆ ನೀವೊಬ್ಬರೇ, ಹಗಲೂ ನೀವೊಬ್ಬರೇ. ಸಿಟ್ಟು ಬರುವುದಕ್ಕೆ ಮುಂಚೆ ಮೈ ಹೇಳುತ್ತದೆ: ಕಿವಿ ಬಿಸಿಯಾಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೀರಿ. ಆಗ ಮಾತು ನಿಲ್ಲಿಸಿ. ಅವನು ಸುರಕ್ಷಿತವಾಗಿದ್ದರೆ ಹೊಸ್ತಿಲ ಆಚೆ ನಿಂತು ಒಂದು ಲೋಟ ನೀರು ಕುಡಿಯಿರಿ. ತಲೆ ಚಚ್ಚಿಕೊಳ್ಳುತ್ತಿದ್ದರೆ ತಲೆಗೂ ಗೋಡೆಗೂ ನಡುವೆ ದಿಂಬು ಹಿಡಿಯಿರಿ, ಉಪದೇಶ ಬೇಡ, ಬೈಗುಳ ಬೇಡ. ಅಲೆ ಇಳಿಯುವವರೆಗೆ ಯಾವ ಪಾಠವೂ ತಲೆಗೆ ಹೋಗುವುದಿಲ್ಲ. ಇಳಿದ ಮೇಲೆ ಹತ್ತಿರ ಕೂತುಕೊಳ್ಳಿ, ಅಷ್ಟೇ.

ಯಜಮಾನರಿಗೂ ಒಂದು ಮಾತು, ಇದನ್ನು ಅವರಿಗೆ ಓದಿ ಹೇಳಿ. ರಾತ್ರಿ ದುಡಿದು ಬಂದವರಿಗೆ ನಿದ್ದೆ ಬೇಕೇಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಮಧ್ಯಾಹ್ನದ ಪಾಳಿಯ ವಾರದಲ್ಲಿ ಬೆಳಗಿನ ಹೊತ್ತು ಅವರ ಕೈಯಲ್ಲಿರುತ್ತದೆ. ಹುಡುಗನ ಸ್ನಾನ, ತಿಂಡಿ, ಒಂದು ಸುತ್ತು ನಡಿಗೆ ಆ ವಾರ ಪೂರ್ತಿ ಅವರದು. ಆ ಹೊತ್ತಿನಲ್ಲಿ ನೀವು ಬಟ್ಟೆ ಒಗೆಯಬೇಡಿ, ಮಲಗಿ. ಮನಸ್ಸು ತೀರಾ ಕುಸಿದಾಗ, ಅಥವಾ ಮತ್ತೆ ಕೈ ಎತ್ತುತ್ತೇನೇನೋ ಎನ್ನಿಸಿದಾಗ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಪಕ್ಕದ ಮನೆಯವರ 'ಕೇಸು'. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ಸೇರಿಸದವರಿಗೆ ಜೈಲು ಎಂದು ಎಲ್ಲೂ ಹೇಳುವುದಿಲ್ಲ. 2012ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳುವ ಹಕ್ಕೂ ಸಿಕ್ಕಿತು. ತೀವ್ರ ಎಂದರೆ ಶೇ 80 ಅಥವಾ ಹೆಚ್ಚು. ನಿಮ್ಮ ಹುಡುಗನ ವೈಕಲ್ಯದ ಪ್ರಮಾಣಪತ್ರದಲ್ಲಿ ಎಷ್ಟಿದೆಯೋ ನೀವು ಬರೆದಿಲ್ಲ. ಅದೆಷ್ಟೇ ಇರಲಿ, ಈಗ ಅವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ ಎಂಬುದೇ ನನಗೆ ಚಿಂತೆ. ಮನೆಯಲ್ಲಿ ಕಲಿಸುವುದಕ್ಕೆ ನನ್ನ ತಕರಾರಿಲ್ಲ. ಲೆಕ್ಕಕ್ಕೇ ಇಲ್ಲದ ಮಗು ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ ಬರಬೇಕಾದ್ದು ಬರುವುದಿಲ್ಲ.

ಆದ್ದರಿಂದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹೆಸರು ಬರೆಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಮು ಶೇ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲೀ ವಿಶೇಷ ಶಾಲೆಯಲ್ಲಾಗಲೀ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಳೇ ಶಾಲೆಯವರು ಟಿಸಿ ತಡಮಾಡಿದರೂ ಅದೇ ನೆಪವಾಗಿ ದಾಖಲಾತಿ ನಿಲ್ಲಿಸುವಂತಿಲ್ಲ. ಹೆಸರು ಬರೆಸಿದ ಮೇಲೆ ದೊಡ್ಡಬಳ್ಳಾಪುರದ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ 'ಬಿಐಇಆರ್‌ಟಿ ಯಾರು?' ಎಂದು ಕೇಳಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು ಇವರು. ಸಮಗ್ರ ಶಿಕ್ಷಣದಡಿ ಮನೆಗೆ ಬಂದು ಕಲಿಸುವುದೂ ಇವರ ಕೆಲಸದಲ್ಲಿ ಸೇರಿದೆ. ಇಡೀ ತಾಲ್ಲೂಕು ಸುತ್ತಬೇಕಾದ ಇವರು ದಿನಾ ನಿಮ್ಮ ಮನೆಗೆ ಬರುತ್ತಾರೆ ಎಂದು ಕಾಯಬೇಡಿ. ಬಂದಾಗ ನಿಮ್ಮ ಕ್ಯಾಲೆಂಡರು, ಟಿಕೆಟ್ ಪುಸ್ತಕ ತೋರಿಸಿ ಮುಂದಿನ ಭೇಟಿಯವರೆಗೆ ಏನು ಮಾಡಿಸಬೇಕೆಂದು ಬರೆಸಿಕೊಳ್ಳಿ.

ಶಾಲೆಗೆ ಮೊದಲು ಇಡೀ ದಿನ ಬೇಡ. ವಾರಕ್ಕೆರಡು ದಿನ, ಕೊನೆಯ ಪೀರಿಯಡ್ ಅಷ್ಟೇ ಸಾಕೆಂದು ಮುಖ್ಯ ಶಿಕ್ಷಕರನ್ನು ಕೇಳಿ. ಬೆಳಗಿನ ಪ್ರಾರ್ಥನೆಯ ಮೈಕು, ಬಿಸಿಯೂಟದ ತಟ್ಟೆಗಳ ಸದ್ದು ಎರಡೂ ಮುಗಿದಿರುತ್ತವೆ. ಮನೆಗೆ ಹೋಗುವ ಗಂಟೆ ಬೇಗ ಹೊಡೆಯುತ್ತದೆ, ಹುಡುಗ ಗೆದ್ದು ಹೊರಬರುತ್ತಾನೆ. ರಾತ್ರಿ ಪಾಳಿಯ ವಾರದಲ್ಲಿ ಇದು ನಿಮಗೂ ಉಸಿರಾಡುವ ಹೊತ್ತು. ಮುಂದೆ ಶಾಲೆಯ ಪರೀಕ್ಷೆ ಆಗದು ಎನ್ನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. ಹದಿನಾಲ್ಕು ತುಂಬಿದವರು ಹತ್ತನೇ ತರಗತಿಗೆ ಸೇರಿ ಒಂದೆರಡು ವಿಷಯದಂತೆ ಐದು ವರ್ಷದವರೆಗೆ ಹಂಚಿಕೊಂಡು ಪರೀಕ್ಷೆ ಬರೆಯಬಹುದು. ಅದಕ್ಕೆ ಇನ್ನೂ ಐದು ವರ್ಷ ಇದೆ, ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಸೈಟು ಮಾರಬೇಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ. ಲಕ್ಷಗಟ್ಟಲೆ ಕೇಳಿ 'ಪೂರ್ತಿ ಗುಣ' ಎನ್ನುವವರು ಎಷ್ಟೇ ದೊಡ್ಡ ಕಟ್ಟಡದಲ್ಲಿರಲಿ, ಎದ್ದು ಬನ್ನಿ. ಅದರ ಬದಲು ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಮಾಡಿಸಿ. ಆಟಿಸಂ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ. ಪಿಂಚಣಿ, ಬಸ್ ಪಾಸು, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ಅರ್ಜಿಗೆ ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ಯಜಮಾನರಿಗೆ ಮಧ್ಯಾಹ್ನದ ಪಾಳಿ ಇರುವ ವಾರವೇ, ಬೆಳಿಗ್ಗೆ ಹುಡುಗನನ್ನು ಅವರ ಬಳಿ ಬಿಟ್ಟು ಒಬ್ಬರೇ ಆ ಸರ್ಕಾರಿ ಶಾಲೆಗೆ ಹೊರಡಿ. ಜನನ ಪ್ರಮಾಣಪತ್ರ, ಆಧಾರ್, ವೈಕಲ್ಯದ ಪ್ರಮಾಣಪತ್ರ ಮೂರರ ಜೆರಾಕ್ಸ್ ಎರಡೆರಡು ಪ್ರತಿ ಇರಲಿ. ದಾಖಲಾತಿಯ ಕೋರಿಕೆಯನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಅಲ್ಲಿಂದ ಏಳಿ.