ನಲವತ್ತೇಳು ಮೀಟರ್ ಆಳದಲ್ಲಿ ಒತ್ತಡದ ಪಾಠ

ದ್ರವಗಳಲ್ಲಿ ಒತ್ತಡ ಎಂಬ ಕಲಿಕಾಂಶಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ತೂತು ಕೊರೆದ ಬಾಟಲಿಯನ್ನು ತರುತ್ತಾರೆ. ಕೆಳಗಿನ ತೂತಿನಿಂದ ನೀರು ಜೋರಾಗಿ ಚಿಮ್ಮುತ್ತದೆ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚು ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಪಾಠ ಮುಗಿಯಿತು. ಉಪಕರಣ ಒಳ್ಳೆಯದೇ. ಆದರೆ ಒತ್ತಡ ಹೆಚ್ಚಿದರೆ ಯಾರಿಗೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಹಾಗಾಗಿ ಒಂಬತ್ತನೇ ತರಗತಿಯ ಪ್ರಾತ್ಯಕ್ಷಿಕೆ ಪಾಠಕ್ಕೆ ನಾನು 2017ರಲ್ಲಿ ತೆರೆಕಂಡ ‘47 ಮೀಟರ್ಸ್ ಡೌನ್’ ಚಿತ್ರದ ಕಥೆಯನ್ನು ಆರಿಸಿಕೊಂಡೆ.

ಚಿತ್ರವನ್ನು ತೋರಿಸಲಿಲ್ಲ. ಶಾರ್ಕ್ ಬಂದರೆ ಒತ್ತಡವನ್ನು ಯಾರು ಕೇಳುತ್ತಾರೆ? ಕಥೆ ಹೇಳಲು ಮೂರು ನಿಮಿಷ ಸಾಕಾಯಿತು. ಮೆಕ್ಸಿಕೋಗೆ ರಜೆಗೆ ಹೋದ ಅಕ್ಕತಂಗಿಯರು ಶಾರ್ಕ್ ನೋಡಲು ಕಬ್ಬಿಣದ ಪಂಜರದಲ್ಲಿ ಸಮುದ್ರಕ್ಕೆ ಇಳಿಯುತ್ತಾರೆ. ಪಂಜರವನ್ನು ಹಿಡಿದಿದ್ದ ತಂತಿಹಗ್ಗ ಕೈಕೊಟ್ಟು ಅದು 47 ಮೀಟರ್ ಆಳದ ತಳಕ್ಕೆ ಬೀಳುತ್ತದೆ. ಸಿಲಿಂಡರಿನ ಗಾಳಿ ಕರಗುತ್ತಿದೆ. ಆದರೂ ದೋಣಿಯವನು ಒಮ್ಮೆಲೇ ಮೇಲೆ ಬರಬೇಡಿ ಎನ್ನುತ್ತಾನೆ. ಅಲ್ಲಿಗೆ ಕಥೆ ನಿಲ್ಲಿಸಿ ಎರಡು ಪ್ರಶ್ನೆ ಬರೆದೆ: ಗಾಳಿ ಎಷ್ಟು ಹೊತ್ತು ಸಾಕು? ಒಮ್ಮೆಲೇ ಮೇಲೆ ಬಂದರೇನು?

ಮೊದಲನೆಯದು ಲೆಕ್ಕ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೇಲಿನ ಗಾಳಿಯದೂ ಸೇರಿ 47 ಮೀಟರಿನಲ್ಲಿ 5.7. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ 200 ವಾಯುಮಂಡಲ ಒತ್ತಡದ ಗಾಳಿ ತುಂಬಿದರೆ ಅದು ಮೇಲಿನ ಲೆಕ್ಕದಲ್ಲಿ 2400 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡಿದರೆ ಮೇಲ್ಮೈಯಲ್ಲಿ 120 ನಿಮಿಷ ಬರುತ್ತದೆ. ತಳದಲ್ಲಿ ಪ್ರತಿ ಉಸಿರೂ 5.7 ಪಟ್ಟು ಗಾಳಿ ಕೇಳುತ್ತದೆ, 21 ನಿಮಿಷ. ಭಯದಿಂದ ಉಸಿರಾಟ ಇಮ್ಮಡಿಯಾದರೆ ಹತ್ತೇ ನಿಮಿಷ. ಭಾಗಾಕಾರ ಎಂದರೆ ಮುಖ ತಿರುಗಿಸುವ ಹುಡುಗರೂ ಇದನ್ನು ಮಾಡಿದರು.

ಎರಡನೆಯ ಪ್ರಶ್ನೆಗೆ ಸೋಡಾ ಬಾಟಲಿ ತಂದಿದ್ದೆ. ಒತ್ತಡದಲ್ಲಿ ರಕ್ತಕ್ಕೂ ಅಂಗಾಂಶಗಳಿಗೂ ಹೆಚ್ಚು ಸಾರಜನಕ ಸೇರುತ್ತದೆ. ಮುಚ್ಚಳವನ್ನು ಥಟ್ಟನೆ ತೆಗೆದಾಗ ಸೋಡಾದಲ್ಲಿ ಆಗುವುದೇ ವೇಗವಾಗಿ ಮೇಲೆ ಬಂದವರ ದೇಹದಲ್ಲೂ ಆಗಬಹುದು. ಮೆಲ್ಲಗೆ ಏರಬೇಕು, ನಡುವೆ ನಿಲ್ಲಬೇಕು ಎಂಬುದು ಇದಕ್ಕೇ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ನಾವು ಬಾವಿಯ ತಳ ಮುಟ್ಟಿ ಒಂದೇ ಉಸಿರಿಗೆ ಮೇಲೆ ಬರ್ತೀವಿ ಸರ್, ಏನೂ ಆಗಲ್ಲ.” ಇಡೀ ಪಾಠದ ತೂಕವಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ಸೂಜಿ ತೆಗೆದ ಸಿರಿಂಜನ್ನು ಅವನ ಕೈಗೇ ಕೊಟ್ಟೆ. 20 ಮಿಲಿಲೀಟರ್ ಗಾಳಿ ಎಳೆದು, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ಬಿಡಲು ಹೇಳಿದೆ. ಗಾಳಿ ಕುಗ್ಗಿ ಮತ್ತೆ ಮೊದಲಿನಷ್ಟಾಯಿತು. ಬಾವಿಯಲ್ಲಿ ನಡೆಯುವುದು ಇದು: ಮೇಲಿಂದ ಒಯ್ದ ಉಸಿರು ಅಲ್ಲಿ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನವರು ತಳದಲ್ಲೇ ಪೂರ್ತಿ ಉಸಿರು ತುಂಬಿಕೊಳ್ಳುತ್ತಾರೆ. ಹತ್ತು ಮೀಟರಿನಲ್ಲಿ ತುಂಬಿದ 6 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 12 ಲೀಟರ್ ಜಾಗ ಕೇಳುತ್ತದೆ. ಬಾಯಿ ಬಿಗಿಹಿಡಿದರೆ ಶ್ವಾಸಕೋಶ ಹರಿಯಬಹುದು. ಉಸಿರನ್ನು ಎಂದೂ ಬಿಗಿಹಿಡಿಯಬೇಡಿ ಎಂಬುದನ್ನು ಸ್ಕೂಬಾದವರಿಗೆ ಮೊದಲೇ ಕಲಿಸುವುದು ಅದಕ್ಕಾಗಿ. ಹಾಗೆಂದು ಬಾವಿ ನಿರಪಾಯವಲ್ಲ. ಜೋರಾಗಿ ಉಸಿರೆಳೆದು ಬಿಟ್ಟು ಮುಳುಗುವ ಪಂದ್ಯದಲ್ಲಿ ನೀರೊಳಗೇ ಪ್ರಜ್ಞೆ ತಪ್ಪಬಹುದು ಎಂಬುದನ್ನೂ ಅಲ್ಲೇ ಹೇಳಿದೆ. ಪಾಠಯೋಜನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ, ಇರಲಿ.

ಚಿತ್ರದ ವಿಜ್ಞಾನವನ್ನೂ ತರಗತಿಯೇ ತೂಗಲಿ ಎಂದು ಬಿಟ್ಟೆ. ಎರಡನೆಯ ಸಿಲಿಂಡರಿನ ಗಾಳಿ ಸೇವಿಸಿದರೆ ಸಾರಜನಕದ ಮಂಪರು ಕವಿಯಬಹುದು ಎಂದು ಚಿತ್ರ ಎಚ್ಚರಿಸುತ್ತದೆ. ನಿಜದಲ್ಲಿ ಮಂಪರಿಗೆ ಕಾರಣ ಆಳ, ಸಿಲಿಂಡರಿನ ಬದಲಾವಣೆಯಲ್ಲ. ಸುಮಾರು 30 ಮೀಟರ್ ದಾಟಿದಾಗ ಅದು ಗೊತ್ತಾಗತೊಡಗಿ, ಮೇಲೇರಿದಂತೆ ಇಳಿಯುತ್ತದೆ.

ವೀಕ್ಷಣೆಗೆ ಕುಳಿತ ಪ್ರಶಿಕ್ಷಣಾರ್ಥಿಯೊಬ್ಬರು, ಕಥೆ ಪೀಠಿಕೆಗೆ ಸಾಕಿತ್ತಲ್ಲವೇ ಎಂದು ಟಿಪ್ಪಣಿ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಐದು ನಿಮಿಷ ಕುತೂಹಲ ಕೆರಳಿಸಿ ಕೈಬಿಟ್ಟ ಕಥೆ ಮಕ್ಕಳ ಕಣ್ಣಿಗೆ ಬರಿಯ ಆಮಿಷ.

ಮೌಲ್ಯಮಾಪನಕ್ಕೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪವನ್ನು ತಂದೆ. ಅಲ್ಲಿ ಸ್ಕೂಬಾಗೆ ಹೋದವರು ಅದೇ ಸಿಲಿಂಡರಿನೊಡನೆ 10 ಮೀಟರಿಗೆ ಇಳಿದರೆ ಎಷ್ಟು ನಿಮಿಷ? ಹೆಚ್ಚಿನವರು 60 ಎಂದು ಬರೆದರು. ಒಬ್ಬಳು ಮಾತ್ರ 60ರ ಕೆಳಗೆ ಸೇರಿಸಿದ್ದಳು: “ಮೇಲೆ ಬರಲು ಗಾಳಿ ಉಳಿಸಬೇಕು, ಅದಕ್ಕೇ ಅಷ್ಟು ಹೊತ್ತು ಇರಬಾರದು.”