ಭೌತಶಾಸ್ತ್ರದಲ್ಲಿ ಗ್ರಾಫು

ಪ್ರಯೋಗ ಮಾಡಿ ಬರೆದುಕೊಂಡ ಅಂಕಿಗಳು ತಾವಾಗಿಯೇ ಮಾತನಾಡಲಾರವು. ಒಂದು ಪರಿಮಾಣವು ಬದಲಾದಂತೆ ಇನ್ನೊಂದು ಹೇಗೆ ಬದಲಾಗುವುದೆಂಬುದನ್ನು ಅವುಗಳಿಂದ ನುಡಿಸುವ ಸಾಧನವೇ ಗ್ರಾಫು. ಸರಳ ಲೋಲಕದ ಉದಾಹರಣೆಯಿಂದ ಇದನ್ನು ವಿಚಾರಿಸೋಣ.

ನೂಲಿಗೆ ಚಿಕ್ಕ ಲೋಹದ ಗುಂಡನ್ನು ಕಟ್ಟಿ ತೂಗಬಿಡಬೇಕು. ನೂಲನ್ನು ಕಟ್ಟಿದ ಸ್ಥಳದಿಂದ ಗುಂಡಿನ ಮಧ್ಯದವರೆಗಿನ ದೂರವೇ ಲೋಲಕದ ಉದ್ದ. ಗುಂಡನ್ನು ಸ್ವಲ್ಪವೇ ಓರೆಗೆ ಸರಿಸಿ ಬಿಟ್ಟು, 20 ಆಂದೋಲನಗಳ ಕಾಲವನ್ನಳೆದು 20ರಿಂದ ಭಾಗಿಸಿದರೆ ಆವರ್ತಕಾಲ ದೊರೆಯುವುದು. ಉದ್ದವು 20, 40, 60, 80, 100 ಸೆಂಟಿಮೀಟರುಗಳಾದಾಗ 20 ಆಂದೋಲನಗಳಿಗೆ ಕ್ರಮವಾಗಿ ಸುಮಾರು 18.0, 25.4, 31.1, 35.9, 40.1 ಸೆಕೆಂಡುಗಳು ಹಿಡಿಯುವುವು.

ಈಗ ಗ್ರಾಫು ಕಾಗದವನ್ನು ತೆಗೆದುಕೊಳ್ಳೋಣ. ನಾವು ಬೇಕೆಂದೇ ಬದಲಿಸಿದ ಉದ್ದವನ್ನು ಅಡ್ಡ ಅಕ್ಷದಲ್ಲಿಯೂ, ಅದರಿಂದ ಬದಲಾದ ಕಾಲವನ್ನು ಲಂಬ ಅಕ್ಷದಲ್ಲಿಯೂ ಗುರುತಿಸಬೇಕು. ಅಕ್ಷಗಳಿಗೆ ಪರಿಮಾಣದ ಹೆಸರನ್ನೂ ಮಾನವನ್ನೂ ಬರೆಯದಿದ್ದರೆ ಗ್ರಾಫಿಗೆ ಅರ್ಥವಿಲ್ಲ. ಉದ್ದಕ್ಕೆ ಎದುರಾಗಿ ಆವರ್ತಕಾಲವನ್ನು ಗುರುತಿಸಿದರೆ ಬಾಗಿದ ರೇಖೆ ಬರುವುದು; ಅದರಿಂದ ನಿಯಮವನ್ನು ಗ್ರಹಿಸುವುದು ಕಷ್ಟ. ಆವರ್ತಕಾಲದ ವರ್ಗವನ್ನು, ಎಂದರೆ 0.81, 1.61, 2.42, 3.22, 4.02 ಎಂಬ ಬೆಲೆಗಳನ್ನು ಗುರುತಿಸಿದರೆ, ಬಿಂದುಗಳು ಮೂಲಬಿಂದುವಿನ ಮೂಲಕ ಹಾಯುವ ಸರಳರೇಖೆಯ ಮೇಲೆ ನಿಲ್ಲುವುವು. ಆವರ್ತಕಾಲದ ವರ್ಗವು ಉದ್ದಕ್ಕೆ ಅನುಪಾತದಲ್ಲಿದೆ ಎಂಬ ನಿಯಮವು ಆಗ ಕಣ್ಣಿಗೇ ಕಾಣುವುದು.

ಅಡ್ಡಲಾಗಿ 1 ಸೆಂಟಿಮೀಟರಿಗೆ 10 ಸೆಂಟಿಮೀಟರು ಉದ್ದ, ಲಂಬವಾಗಿ 5 ಸೆಂಟಿಮೀಟರಿಗೆ 1 ಸೆಕೆಂಡು ವರ್ಗ ಎಂಬ ಪ್ರಮಾಣ ಅನುಕೂಲ. ಒಂದು ಚದರಕ್ಕೆ 3 ಅಥವಾ 7 ಎಂಬಂತಹ ಪ್ರಮಾಣಗಳು ಓದುವಾಗ ತೊಡಕನ್ನುಂಟುಮಾಡುತ್ತವೆ. ಬಿಂದುಗಳನ್ನು ಒಂದರಿಂದೊಂದಕ್ಕೆ ಮುರಿಮುರಿಯಾಗಿ ಜೋಡಿಸದೆ, ಅವುಗಳ ನಡುವೆ ಹಾಯುವ ಒಂದೇ ನೇರ ಗೆರೆಯನ್ನೆಳೆಯಬೇಕು.

ಈ ಗೆರೆಯಿಂದ ಭೂಮಿಯ ಗುರುತ್ವವನ್ನೂ ಅಳೆಯಬಹುದು. ಗೆರೆಯ ಮೇಲೆ ಉದ್ದ 100 ಇರುವಲ್ಲಿ ವರ್ಗವು 4.02, 100ನ್ನು 4.02ರಿಂದ ಭಾಗಿಸಿದರೆ 24.9. ಇದನ್ನು 39.5ರಿಂದ, ಎಂದರೆ π ವರ್ಗದ ನಾಲ್ಕರಷ್ಟರಿಂದ, ಗುಣಿಸಿದರೆ ಸುಮಾರು 983. ಗುರುತ್ವ ವೇಗೋತ್ಕರ್ಷದ ಬೆಲೆಯೆಂದು ಪುಸ್ತಕಗಳಲ್ಲಿ ಕೊಡುವ 980ಕ್ಕೆ ಇದು ಬಹು ಸಮೀಪ. ಹಾಲೆಂಡಿನ ವಿಜ್ಞಾನಿ ಹೈಗೆನ್ಸನು 1673ರಲ್ಲಿ ಲೋಲಕವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ನೂಲು, ಗುಂಡುಗಳಿಂದ ನಾವು ಪರೀಕ್ಷಿಸುವುದು ಆತನು ತಿಳಿದಿದ್ದ ನಿಯಮವನ್ನೇ.

ಇನ್ನೊಂದು ಮುಖ್ಯ ವಿಷಯ. 60 ಸೆಂಟಿಮೀಟರು ಉದ್ದದಲ್ಲಿ ವಿದ್ಯಾರ್ಥಿಯೊಬ್ಬನು 19 ಆಂದೋಲನಗಳನ್ನೇ 20 ಎಂದು ಎಣಿಸಿದನೆನ್ನೋಣ. ಕಾಲವು 29.5 ಸೆಕೆಂಡು, ವರ್ಗವು 2.18 ಆಗುವುದು. ಪಟ್ಟಿಯಲ್ಲಿ ಈ ದೋಷವು ಅಡಗಿ ಕುಳಿತಿರುತ್ತದೆ. ಗ್ರಾಫಿನಲ್ಲಿಯಾದರೋ ಆ ಬಿಂದುವು ಗೆರೆಗಿಂತ 12 ಮಿಲಿಮೀಟರು ಕೆಳಗೆ ಬಿದ್ದು ತನ್ನನ್ನು ತಾನೇ ತೋರಿಸಿಕೊಡುವುದು. ಆಗ ಬಿಂದುವನ್ನು ಅಳಿಸಿ ಗೆರೆಯ ಮೇಲೆ ಕೂರಿಸುವುದು ವಿಜ್ಞಾನವಲ್ಲ, ವಂಚನೆ. ಪ್ರಯೋಗವನ್ನು ಮತ್ತೆ ಮಾಡಿ ನೋಡುವುದೇ ಸರಿಯಾದ ದಾರಿ.

ಪಾಲಕರಲ್ಲಿ ನಮ್ಮ ವಿನಂತಿಯಿಷ್ಟೆ: ಈ ಪ್ರಯೋಗಕ್ಕೆ ಬೆಲೆಬಾಳುವ ಸಲಕರಣೆ ಬೇಡ, ಮನೆಯ ತೊಲೆ, ನೂಲು, ಗಡಿಯಾರಗಳು ಸಾಕು. ಮಕ್ಕಳು ತಂದು ತೋರಿಸುವ ಗ್ರಾಫಿನಲ್ಲಿ ಒಂದು ಬಿಂದು ಗೆರೆ ಬಿಟ್ಟು ನಿಂತಿದ್ದರೆ ಗದರಿಸದೆ, ಕಾರಣವನ್ನು ಕೇಳಿರಿ. ಅಳೆದುದನ್ನು ಅಳೆದಂತೆಯೇ ಬರೆಯುವ ಅಭ್ಯಾಸವು ಅಂಕಗಳಿಗಿಂತ ದೊಡ್ಡ ಸಂಪತ್ತು.