ನಾಲಿಗೆಗೆ ಜಾತಿ ತಿಳಿಯದು



*ಇಂದಿನ ಚಿಂತನೆ: ರಸ*

ನಾಲಿಗೆಯ ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂದು ಶಾಲೆಯಲ್ಲಿ ಚಿತ್ರ ಬರೆದದ್ದು ನೆನಪಿದೆಯೇ? ಅದು ತಪ್ಪು. ರುಚಿಮೊಗ್ಗುಗಳಿರುವಲ್ಲೆಲ್ಲ ಐದೂ ರುಚಿ ತಿಳಿಯುತ್ತವೆ: ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ, ಅಂದರೆ ಮಾಂಸದ ಸಾರಿನಲ್ಲಿ, ಅಣಬೆಯಲ್ಲಿ ಸಿಗುವ ರುಚಿ. ಖಾರ ರುಚಿಯಲ್ಲ, ಉರಿ. ಮೂಗು ಹಿಡಿದು ಮಾವಿನಹಣ್ಣು ತಿನ್ನಿ: ಬರೀ ಸಿಹಿ-ಹುಳಿ. ಮೂಗು ಬಿಟ್ಟೊಡನೆ ಮಾವು ಬರುತ್ತದೆ.

ನಾಲಿಗೆ, ರಸ, ಅರಿವು ಮೂರೂ ಕೂಡಿದರೆ ಫಸ್ಸ. ಫಸ್ಸದಿಂದ ವೇದನೆ ಎಂದರು ಭಗವಾನ್ ಬುದ್ಧರು. ‘ಹಿತ’, ‘ಅಸಹ್ಯ’ ಎಂಬ ಹಣೆಪಟ್ಟಿ ಅಂಟಿಸುವುದು ಆಮೇಲೆ, ಮನಸ್ಸು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದಲ್ಲಿ ಚವದಾರ್ ಕೆರೆಯ ನೀರು ಕುಡಿದರು. ಮರಾಠಿಯಲ್ಲಿ ಚವದಾರ್ ಎಂದರೆ ರುಚಿಯಾದದ್ದು. ಆಮೇಲೆ ಸವರ್ಣೀಯರು ಹಾಲು, ಮೊಸರು, ಸಗಣಿ, ಗಂಜಲ ಬೆರೆಸಿ 108 ಗಡಿಗೆ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು! ನೀರಿನ ರುಚಿ ಕೆಟ್ಟಿರಲಿಲ್ಲ. ಮುಟ್ಟಿದವರು ಯಾರೆಂದು ಹೇಳುವ ಮೊಗ್ಗು ಯಾರ ನಾಲಿಗೆಯಲ್ಲೂ ಇಲ್ಲ. ಆ ಹೇಸಿಗೆ ಕಲಿತದ್ದು.

ನಾಚಿಕೆಯೂ ಹಾಗೆಯೇ. ಬುತ್ತಿಯನ್ನು ಮುಚ್ಚಳದಿಂದ ಮರೆಮಾಡಿ ಉಣ್ಣುವ ನಮ್ಮ ಮಕ್ಕಳನ್ನು ನಾನು ಪ್ರತಿವರ್ಷ ನೋಡುತ್ತೇನೆ. ಅವರ ನಾಲಿಗೆಗೆ ಅವ್ವನ ಅಡುಗೆ ಇಷ್ಟವೇ. ನಾಚಿಕೆಯನ್ನು ಬೇರೆಯವರ ಕಣ್ಣು ಕಲಿಸಿತು. ಕಲಿತದ್ದನ್ನು ಬಿಡಲೂಬಹುದು.

*ಇಂದಿನ ಅಭ್ಯಾಸ:* ಮೊದಲ ತುತ್ತನ್ನು ನಿಧಾನ ಅಗಿಯಿರಿ. ಇದು ರಸ, ಇದು ವೇದನೆ, ಇದು ಯಾರೋ ಹೇಳಿಕೊಟ್ಟ ಮಾತು ಎಂದು ಬೇರೆ ಮಾಡಿ ನೋಡಿ. ರಾತ್ರಿ ಮಕ್ಕಳೊಡನೆ ಕೂತು ಉಣ್ಣುವಾಗ ಇದನ್ನು ಅವರಿಗೂ ಹೇಳಿ.

ಸಾಧು, ಸಾಧು, ಸಾಧು 🌼